ರೂಲ್ಸ್ ಸಿಂಪಲ್ ಇರ್ಬೇಕು, ಆದ್ರೆ ಎಲ್ಲಾ ಜಿಎಂ ತಲೆ ಮೇಲೇ ಬೀಳ್ಬಾರ್ದು: ಇಂಥ ಆರ್‌ಪಿಜಿ ಯಾವ್ದಿದೆ?

ಕುಕ್ಕರಹಳ್ಳಿ_ಕೊಕ್ಕರೆ

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಾವು ಐದು ಜನ ಫ್ರೆಂಡ್ಸು ಭಾನುವಾರ ಸೇರ್ತೀವಿ, ಮೊದ್ಲು ಬರೀ ಬೋರ್ಡ್ ಗೇಮ್ ಆಡ್ತಿದ್ವಿ, ಕ್ಯಾಟಾನ್ ಎಲ್ಲಾ ಆಡಿ ಆಡಿ ಸಾಕಾಗಿ ಈಗ ಟೇಬಲ್‌ಟಾಪ್ ಆರ್‌ಪಿಜಿ, ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಬಾಯಲ್ಲೇ ಕಥೆ ಕಟ್ಕೊಂಡು ದಾಳ ಹಾಕೋ ಆಟದ ಕಡೆ ಬಂದಿದೀವಿ. ಜಿಎಂ, ಅಂದ್ರೆ ಆಟ ನಡೆಸೋನು, ನಾನೇ, ಯಾಕಂದ್ರೆ ಗುಂಪಲ್ಲಿ ರೂಲ್‌ಬುಕ್ ಓದೋ ತಾಳ್ಮೆ ಇರೋನು ನಾನೊಬ್ನೇ. ಉಳಿದೋರೆಲ್ಲಾ ಕೂತ ಮೇಲೆ "ಈಗ ನಾನೇನ್ ಮಾಡ್ಬಹುದು ಹೇಳು" ಅನ್ನೋ ಜನ.

ಮೊದ್ಲು ಡಿಎನ್‌ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಎಡಿಷನ್, ಅಂದ್ರೆ 5ಇ, ಟ್ರೈ ಮಾಡಿದ್ವಿ. ಕ್ಯಾರೆಕ್ಟರ್ ಮಾಡೋದ್ರಲ್ಲೇ ಮಧ್ಯಾಹ್ನ ಮುಗ್ದುಹೋಯ್ತು. ಆಮೇಲೆ ಫೈಟ್ ಬಂದ್ರೆ ಆಕ್ಷನ್ನು, ಬೋನಸ್ ಆಕ್ಷನ್ನು, ರಿಯಾಕ್ಷನ್ನು, ಕಾನ್ಸಂಟ್ರೇಷನ್ನು... ವಿಝರ್ಡ್ ತಗೊಂಡಿದ್ದ ಫ್ರೆಂಡು ತನ್ನ ಸರದಿ ಬಂದಾಗಲೇ ಸ್ಪೆಲ್ ಓದೋಕೆ ಶುರು ಮಾಡ್ತಾನೆ, ಅಷ್ಟ್ರಲ್ಲಿ ಮಿಕ್ಕೋರೆಲ್ಲಾ ಫೋನ್ ತೆಗ್ದಿರ್ತಾರೆ.

ಸರಿ ಅಂತ ಪೂರ್ತಿ ಆ ಕಡೆ ಹೋಗಿ ಲೇಸರ್ಸ್ ಅಂಡ್ ಫೀಲಿಂಗ್ಸ್ ಆಡಿದ್ವಿ. ಜಾನ್ ಹಾರ್ಪರ್ ಅವ್ರದ್ದು, ಒಂದೇ ಪುಟ, ಪ್ರತಿಯೊಬ್ರಿಗೂ 2ರಿಂದ 5ರ ಒಳಗೆ ಒಂದೇ ಒಂದು ನಂಬರ್, ಬುದ್ಧಿ ಕೆಲ್ಸಕ್ಕೆ ಅದಕ್ಕಿಂತ ಕಮ್ಮಿ ಬೀಳ್ಬೇಕು, ಮನಸ್ಸಿನ ಕೆಲ್ಸಕ್ಕೆ ಜಾಸ್ತಿ ಬೀಳ್ಬೇಕು ಅಷ್ಟೇ. ಸಖತ್ ಮಜಾ ಬಂತು, ಸುಳ್ಳು ಹೇಳಲ್ಲ. ಆದ್ರೆ ಒಂದು ಗಂಟೆ ಆದ್ಮೇಲೆ ನನ್ ತಲೆ ಖಾಲಿ. ಶುರುವಿಗೆ ಕಥೆ ಹುಟ್ಟಿಸೋಕೆ ಆ ಪುಟದಲ್ಲೇ ಟೇಬಲ್, ಅಂದ್ರೆ ದಾಳ ಹಾಕಿ ಆರಿಸೋ ಪಟ್ಟಿ, ಇದೆ, ಮಧ್ಯದಲ್ಲಿ ಏನು ಎತ್ತ ಅನ್ನೋದು ಮಾತ್ರ ಎಲ್ಲಾ ನಾನೇ ಹುಟ್ಟಿಸ್ಬೇಕು.

ಬೇಕಾಗಿರೋದು ಇವೆರಡ್ರ ಮಧ್ಯದ್ದು. ಫ್ಯಾಂಟಸಿ ಆದ್ರೆ ಒಳ್ಳೇದು, ಪಿಡಿಎಫ್ ಫ್ರೀ ಸಿಕ್ಕಿದ್ರೆ ಇನ್ನೂ ಒಳ್ಳೇದು, ಮಾಮೂಲಿ ಆರು ಮುಖದ ದಾಳದಲ್ಲೇ ಆಗೋದಾದ್ರೆ ಬೋನಸ್. ಟೇಬಲ್ಲಲ್ಲಿ ಪೂರ್ತಿ ಕನ್ನಡದಲ್ಲೇ ಆಡ್ತೀವಿ, ರೂಲ್ಸ್ ಇಂಗ್ಲಿಷಲ್ಲಿದ್ರೆ ನಾನು ಓದ್ಕೋತೀನಿ.

ನ್ಯಾಚುರಲ್_ಇಪ್ಪತ್ತು

ಗುರು, ಡಿಎನ್‌ಡಿ ಬಿಡ್ಬೇಡ. 2014ರ ಬೇಸಿಕ್ ರೂಲ್ಸ್ ಪಿಡಿಎಫ್ ಫ್ರೀ ಇದೆ, ಅದ್ರಲ್ಲಿ ಫೈಟರ್, ರೋಗ್, ಕ್ಲೆರಿಕ್, ವಿಝರ್ಡ್ ನಾಲ್ಕೇ ಕ್ಲಾಸು (ಪಾತ್ರದ ಬಗೆ). ರೆಡಿಮೇಡ್ ಕ್ಯಾರೆಕ್ಟರ್ ಶೀಟ್ ಪ್ರಿಂಟ್ ಹಾಕಿ ಕೊಟ್ಬಿಡು, ಆ ವಿಝರ್ಡ್ ಫ್ರೆಂಡಿಗೆ ಬಲವಂತವಾಗಿ ಫೈಟರ್ ಕೊಡು, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಒಂದನೇ ಲೆವೆಲ್ಲಲ್ಲಿ ಅಂಥಾ ಕಷ್ಟ ಏನಿಲ್ಲ. ಜೊತೆಗೆ ಯೂಟ್ಯೂಬ್ ವಿಡಿಯೋ, ಅಡ್ವೆಂಚರ್, ಮ್ಯಾಪು, ಏನ್ ಬೇಕಾದ್ರೂ ಸಿಗತ್ತೆ, ನಾಳೆ ಬೆಂಗಳೂರಿಗೆ ಬಂದ್ರೆ ಆಡೋಕೆ ಜನಾನೂ ಸಿಗ್ತಾರೆ. ಚಿಕ್ಕ ಚಿಕ್ಕ ಇಂಡೀ ಗೇಮ್ ಹಿಡ್ಕೊಂಡ್ರೆ ನಿಮ್ ಐದು ಜನ ಬಿಟ್ರೆ ಆರನೇಯವನು ಸಿಗಲ್ಲ.

ಕುಕ್ಕರಹಳ್ಳಿ_ಕೊಕ್ಕರೆ

ಆರನೇಯವನು ಬೇಡ ಗುರು, ನಮ್ಮನೆ ಟೇಬಲ್ಲಿಗೆ ಐದೇ ಕುರ್ಚಿ ಇರೋದು 😄 ಶೀಟ್ ಪ್ರಿಂಟ್ ಹಾಕಿಯೂ ನೋಡಿದೀನಿ. ಪ್ರಾಬ್ಲಮ್ ಬರೀ ಅವ್ರದ್ದಲ್ಲ, ನಂದೂ ಇದೆ. ಫೈಟಲ್ಲಿ ಪ್ರತಿಯೊಂದಕ್ಕೂ ರೂಲ್ ಇದೆ, ಫೈಟ್ ಮುಗಿದ್ಮೇಲೆ ಪಾಳು ಕೋಟೆ ಒಳಗೆ ಓಡಾಡ್ವಾಗ ಏನ್ ಮಾಡ್ಬೇಕು ಅಂತ ನಂಗೇ ಗೊತ್ತಾಗಲ್ಲ. ಒಬ್ಬ ಸದ್ದಿಲ್ದೇ ನುಸುಳೋಕೆ ಸ್ಟೆಲ್ತ್ ದಾಳ ಹಾಕಿ ಫೇಲ್ ಆದ, ಸರಿ, ಈಗ? ಕಾವಲುಗಾರ ಎದ್ದನಾ, ಬರೀ ತಿರುಗಿ ನೋಡಿದ್ನಾ, ಇನ್ನೊಂದ್ ಸಲ ಹಾಕ್ಬಹುದಾ? ಅದೆಲ್ಲಾ ನನ್ ಮೇಲೇ ಬಂತಲ್ಲ.

ಹುಬ್ಳಿ_ಹಿಟ್‌ಪಾಯಿಂಟ್

ಅಲ್ರೀ ಕೊಕ್ಕರೆ ಅವ್ರ, ನೀವು ಒಂದ ಪ್ರಶ್ನಿ ಕೇಳೇನಿ ಅಂದ್ಕೊಂಡೀರಿ, ಖರೇ ಅಂದ್ರ ಅವು ಎರಡು ಅದಾವ. ರೂಲ್ಸ್ ಎಷ್ಟು ಅದಾವ ಅನ್ನೂದು ಒಂದು. ಆ ರೂಲ್ಸ್ ನಿಮಗ ಮುಂದ ಏನ್ ಮಾಡ್ಬೇಕು ಅಂತ ಹೇಳ್ತಾವೋ ಇಲ್ಲೋ ಅನ್ನೂದು ಇನ್ನೊಂದು. 5ಇ ಒಳಗ ಮೊದಲ್ನೇದ್ದು ಭಾಳ ಐತಿ, ಫೈಟ್ ಬಿಟ್ರ ಎರಡನೇದ್ದು ಕಮ್ಮಿ. ಒಂದ ಪುಟದ ಗೇಮಿನ್ಯಾಗ ಎರಡೂ ಕಮ್ಮಿ. ನಿಮಗ ಬೇಕಾಗಿದ್ದು ಮೊದಲ್ನೇದ್ದು ಕಮ್ಮಿ, ಎರಡನೇದ್ದು ಜಾಸ್ತಿ. ಅಂಥವು ಅದಾವ, ಹುಡುಕೂ ಜಾಗಾ ಬ್ಯಾರೆ ಅಷ್ಟ.

ಡಂಜನ್ ವರ್ಲ್ಡ್ ನೋಡ್ರಿ. 2012ರದ್ದು, ಅದರ ಹಿಂದಿಂದು ಅಪೊಕ್ಯಾಲಿಪ್ಸ್ ವರ್ಲ್ಡ್, 2010ರದ್ದು, ಆಮ್ಯಾಲೆ ಅದ ಎಂಜಿನ್ (ಮೂಲ ರೂಲ್ಸ್) ಹಿಡ್ಕೊಂಡು ಲೆಕ್ಕ ಇಲ್ಲದಷ್ಟು ಗೇಮ್ ಬಂದ್ವು. ಎರಡು ಆರು ಮುಖದ ದಾಳ ಹಾಕೂದು, ಸ್ಟ್ಯಾಟಿನ (ಶಕ್ತಿ, ಚುರುಕು ಇಂಥಾ ಗುಣದ) ನಂಬರ್ ಕೂಡ್ಸೂದು. 10 ಇಲ್ಲಾ ಮ್ಯಾಲೆ ಬಿದ್ರ ಅಂದ್ಕೊಂಡಂಗ ಆತು. 7ರಿಂದ 9 ಬಿದ್ರ ಆತು ಖರೇ, ಆದ್ರ ಏನರ ಕಳ್ಕೋಬೇಕು. 6 ಇಲ್ಲಾ ಕೆಳಗ ಬಿದ್ರ ಜಿಎಂ ತನ್ನ ಮೂವ್, ಅಂದ್ರ ಕಥಿ ತಿರುಗ್ಸೂ ಒಂದು ನಡೆ, ಮಾಡ್ತಾನ, ಆಡಾವ್ಗ ಒಂದು ಎಕ್ಸ್‌ಪಿ (ಅನುಭವದ ಪಾಯಿಂಟ್) ಸಿಗ್ತೈತಿ, ಹಿಂಗಾಗಿ ಸೋತವ್ರೂ ಮಾರಿ ಸಣ್ಣ ಮಾಡ್ಕೊಂಡು ಕುಂದ್ರಂಗಿಲ್ಲ.

ನಿಮ್ಮ ಕಾವಲುಗಾರನ ಸೀನ್ ತಗೋರಿ. ಆಡಾಂವ "ಅವನ ಸೊಂಟದಾಗಿನ ಕೀಲಿ ತಗೋತೀನಿ" ಅಂದ. ಅದು ಡಿಫೈ ಡೇಂಜರ್ (ಅಪಾಯ ಎದುರ್ಸೂದು) ಅನ್ನೂ ಮೂವ್. 8 ಬಿತ್ತು ಅಂದ್ರ ಪುಸ್ತಕ ಏನ್ ಹೇಳ್ತೈತಿ ಅಂದ್ರ, ಜಿಎಂ ಒಂದು ಕೆಟ್ಟ ಫಲ, ಇಲ್ಲಾ ಒಂದು ಕಠಿಣ ಸೌದಾ, ಇಲ್ಲಾ ಒಂದು ಕೆಟ್ಟ ಆಯ್ಕಿ ಮುಂದ ಇಡ್ಬೇಕು. "ಕೀಲಿ ಬಂತು, ಆದ್ರ ನಿನ್ನ ಚಾಕು ಅಲ್ಲೇ ಬಿತ್ತು, ಅದನ್ನ ಬಿಟ್ಟ ಬರ್ತೀಯೋ, ತಗೊಳ್ಳಾಕ ಹೋಗಿ ಅವನ್ನ ಎಬ್ಬಸ್ತೀಯೋ?" ಆತು, ಕಥಿ ಮುಂದ ಹೋತು. ಏನೂ ಆಗ್ಲಿಲ್ಲ ಅನ್ನೂ ಉತ್ತರಾನ ಇಲ್ಲ ಆ ಗೇಮಿನ್ಯಾಗ.

ಮತ್ತ ಜಿಎಂಗೂ ರೂಲ್ಸ್ ಬರ್ದಾರ. ನಿಮ್ಮ ಅಜೆಂಡಾ ಏನು, ಯಾವಾಗ ಮೂವ್ ಮಾಡ್ಬೇಕು, ಯಾವ ಯಾವ ಮೂವ್ ಅದಾವ, ಎಲ್ಲಾ ಲಿಸ್ಟ್ ಐತಿ. ನಿಮ್ಮ ಫ್ರೆಂಡ್ಸಿಗೆ ಕೊಡೂದು ಪ್ಲೇಬುಕ್, ಅದರಾಗ ಟಿಕ್ ಹಾಕಿದ್ರ ಕ್ಯಾರೆಕ್ಟರ್ ತಯಾರ. ಪಠ್ಯ ಪೂರ್ತಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ್ಯಾಗ ಐತಿ, ನೆಟ್ಟಿನ್ಯಾಗ ಓದಬಹುದು. ಡ್ಯಾಮೇಜಿಗೆ ಮಾತ್ರ ನಾಲ್ಕು, ಎಂಟು, ಹತ್ತು ಮುಖದ ದಾಳ ಬೇಕಾಗ್ತಾವ.

ಟಾರ್ಚ್_ಆರೋಯ್ತು

ಹುಬ್ಳಿಯವ್ರು ಮೇಲೆ ಪ್ರಶ್ನೆ ಎರಡಾಗಿ ಒಡೆದಿದ್ದು ಕರೆಕ್ಟು, ಉತ್ತರ ಅರ್ಧ ಒಪ್ತೀನಿ. ನಾನು ಅದೇ ಎಂಜಿನ್ ಗೇಮ್‌ಗಳನ್ನ ತುಂಬಾ ನಡೆಸಿದೀನಿ. ಎರಡು ದಾಳದ ಲೆಕ್ಕ ಗೊತ್ತಲ್ಲ, ಬೋನಸ್ ಏನೂ ಇಲ್ದೇ ಹೋದ್ರೂ 36ರಲ್ಲಿ 15 ಸಲ 7-8-9 ಬೀಳತ್ತೆ. ಅಂದ್ರೆ ಹತ್ರ ಹತ್ರ ನೂರಕ್ಕೆ 42 ಸಲ ಜಿಎಂ ಕೂತಲ್ಲೇ ಒಂದು ತೊಡಕು ಹುಟ್ಟಿಸ್ಬೇಕು. ಮೊದಲ ಗಂಟೆ ಚೆನ್ನಾಗಿರತ್ತೆ, ಮೂರನೇ ಗಂಟೇಲಿ "ಅಮ್... ನಿನ್ ಚಾಕು ಮತ್ತೆ ಬಿತ್ತು" ಅನ್ನೋ ಸ್ಥಿತಿ. ಕೊಕ್ಕರೆಯವ್ರ ತಲೆ ಖಾಲಿ ಆಗೋದು ಸಮಸ್ಯೆ ಅಂದ್ರೆ ಇದು ಅದನ್ನ ಜಾಸ್ತೀನೇ ಮಾಡತ್ತೆ.

ನನ್ ವೋಟು ಕೇರ್ನ್‌ಗೆ. ಯೋಖಾಯ್ ಗಾಲ್ ಅನ್ನೋರು ಬರೆದಿದ್ದು, ಮೊದಲ ಆವೃತ್ತಿ 2020, ಈಗ ಎರಡನೇದೂ ಬಂದಿದೆ, ಪಠ್ಯ ಪೂರ್ತಿ ಫ್ರೀ. ಇಂಟು ದಿ ಆಡ್ ಮತ್ತೆ ನೇವ್ ಅನ್ನೋ ಎರಡು ಗೇಮಿನ ಮೇಲೆ ಕಟ್ಟಿದ್ದು. ಸ್ಟ್ರೆಂತ್, ಡೆಕ್ಸ್‌ಟೆರಿಟಿ, ವಿಲ್‌ಪವರ್ ಮೂರೇ ಸ್ಟ್ಯಾಟು, ಒಂದೊಂದಕ್ಕೆ ಮೂರು ದಾಳ ಹಾಕಿ ಕೂಡ್ಸೋದು. ಹಿಟ್ ಪ್ರೊಟೆಕ್ಷನ್ನಿಗೆ (ಎಷ್ಟು ಪೆಟ್ಟು ತಡ್ಕೊಳ್ಳಬಹುದು ಅನ್ನೋ ನಂಬರ್) ಒಂದು ದಾಳ. ಕ್ಲಾಸ್ ಇಲ್ಲ, ಲೆವೆಲ್ ಇಲ್ಲ, ಸ್ಕಿಲ್ ಲಿಸ್ಟ್ ಇಲ್ಲ. ಒಬ್ಬೊಬ್ರಿಗೆ ಹತ್ತು ಸ್ಲಾಟ್, ಅದ್ರಲ್ಲಿ ಹಿಡಿದಷ್ಟು ಸಾಮಾನು. ನೀನು ಯಾರು ಅನ್ನೋದು ನೀನು ಹೊತ್ಕೊಂಡಿರೋದ್ರ ಮೇಲೆ ಗೊತ್ತಾಗತ್ತೆ.

ಫೈಟಲ್ಲಿ ತಾಗ್ತಾ ಇಲ್ವಾ ಅಂತ ದಾಳ ಹಾಕೋದೇ ಇಲ್ಲ. ನೇರ ಡ್ಯಾಮೇಜು, ಎದುರಾಳಿ ಆರ್ಮರ್ ಅದ್ರಲ್ಲಿ ಕಳೆಯೋದು, ಮೊದ್ಲು ಹಿಟ್ ಪ್ರೊಟೆಕ್ಷನ್ ಹೋಗತ್ತೆ, ಅದು ಮುಗಿದ್ರೆ ಸ್ಟ್ರೆಂತಿಗೆ ಬೀಳತ್ತೆ, ಸ್ಟ್ರೆಂತಿಗೆ ಬಿದ್ಮೇಲೆ ಸೇವ್ (ಅಪಾಯದಿಂದ ಪಾರಾಗೋ ದಾಳ) ಮಾಡ್ಲಿಲ್ಲ ಅಂದ್ರೆ ನೆಲ ಕಚ್ಚಿದ ಹಾಗೇ. ಒಂದು ಜಗಳ ಕಾಫಿ ಆರೋದ್ರೊಳಗೆ ಮುಗ್ದಿರತ್ತೆ. ಅದಕ್ಕೇ ಆಡೋರು ಜಗಳಕ್ಕೆ ಇಳಿಯೋ ಮುಂಚೆ ಯೋಚ್ನೆ ಮಾಡ್ತಾರೆ, ಹಗ್ಗ ಎಲ್ಲಿ ಕಟ್ಟೋಣ, ಎಣ್ಣೆ ಎಲ್ಲಿ ಚೆಲ್ಲೋಣ ಅಂತ.

ಅದೇ ಕಾವಲುಗಾರನ ಸೀನು ಇದ್ರಲ್ಲಿ ಹೇಗಪ್ಪಾ ಅಂದ್ರೆ, ಅವನು ಗಾಢ ನಿದ್ದೇಲಿದ್ದಾನೆ, ನೀನು ಚಪ್ಪಲಿ ಬಿಚ್ಚಿ ನಿಧಾನಕ್ಕೆ ಹೋಗ್ತೀನಿ ಅಂತ ಹೇಳ್ದೆ, ದಾಳಾನೇ ಬೇಡ, ಕೀಲಿ ನಿಂದು. ಅವಸರ ಇದೆ, ಪಕ್ಕದಲ್ಲಿ ನಾಯಿ ಇದೆ, ಆಗ ಮಾತ್ರ ಡೆಕ್ಸ್ ಸೇವ್, ಇಪ್ಪತ್ತು ಮುಖದ ದಾಳದಲ್ಲಿ ನಿನ್ ಸ್ಟ್ಯಾಟಿನಷ್ಟು ಅಥವಾ ಕಮ್ಮಿ ಬೀಳ್ಬೇಕು.

ಕುಕ್ಕರಹಳ್ಳಿ_ಕೊಕ್ಕರೆ

ಟಾರ್ಚ್ ಅವ್ರೇ, ಓದೋಕೆ ಚೆನ್ನಾಗಿದೆ, ಆದ್ರೆ ಡೌಟ್ ಇದೆ. ಈ ಹಳೇ ಶೈಲಿಯವ್ರು (ಮೊದಲ ಕಾಲದ ಡಿಎನ್‌ಡಿ ಥರ ಆಡೋರು) ಯಾವಾಗ್ಲೂ "ರೂಲ್ ನೋಡ್ಬೇಡ, ನೀನೇ ತೀರ್ಮಾನ ಮಾಡು" ಅಂತಾರೆ. ನಂಗೆ ಬೇಡವಾಗಿರೋದೇ ಅದು. ದಾಳ ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದೂ ನನ್ ಕೆಲ್ಸಾನೇ ಆಯ್ತಲ್ಲ. ಮೂರು ಸ್ಟ್ಯಾಟು, ಹತ್ತು ಸ್ಲಾಟು, ಉಳಿದಿದ್ದು ನಿನ್ ಬುದ್ಧಿ ಅಂದ್ರೆ ಲೇಸರ್ಸ್ ಅಂಡ್ ಫೀಲಿಂಗ್ಸಿಗೆ ಕತ್ತಿ ಕೊಟ್ಟಂಗಾಯ್ತು.

ಕುಡ್ಲ_ಕೋಬೋಲ್ಡ್

ನಮ್ಮ ತಾಳಮದ್ದಳೆ ನೋಡಿದ್ದೀರಾ ಮಾರಾಯ್ರೆ? ಅರ್ಥಧಾರಿಗಳು ಮಾತಾಡುವುದೆಲ್ಲ ಅಲ್ಲೇ ಕೂತು ಹುಟ್ಟಿದ್ದು, ಯಾರೂ ಸ್ಕ್ರಿಪ್ಟ್ ಬರ್ಕೊಂಡು ಬರುವುದಿಲ್ಲ. ಆದ್ರೂ ರಾತ್ರಿಯಿಡೀ ದಾರಿ ತಪ್ಪುವುದಿಲ್ಲ ಯಾಕೆ ಹೇಳಿ, ಭಾಗವತರ ಪದ್ಯ ಉಂಟು. ಒಂದು ಪದ್ಯ ಆಯ್ತು, ಅದಕ್ಕೆ ಅರ್ಥ ಹೇಳಿದ್ರು, ಮುಂದಿನ ಪದ್ಯ. ಎಷ್ಟು ಬೇಕಾದ್ರೂ ವಾದ ಮಾಡಿ, ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಪ್ರಸಂಗ ಹೇಳ್ತದೆ. ಕೊಕ್ಕರೆಯವರಿಗೆ ಬೇಕಾದದ್ದು ಆ ಪದ್ಯದ ಸಾಲು, ಅರ್ಥ ಹೇಳ್ಲಿಕ್ಕೆ ಅವರಿಗೆ ಬರ್ತದೆ.

ಇದಕ್ಕೆ ನನ್ನ ಉತ್ತರ ಬ್ಲೇಡ್ಸ್ ಇನ್ ದ ಡಾರ್ಕ್. ಅದೇ ಜಾನ್ ಹಾರ್ಪರ್ ಅವರದ್ದು, 2017. ನೀವೆಲ್ಲ ಡಾಸ್ಕ್‌ವೋಲ್ ಎನ್ನುವ ಕತ್ತಲೆ ಊರಿನ ಕಳ್ಳರ ಗ್ಯಾಂಗು. ಆಟಕ್ಕೆ ಒಂದು ಚಕ್ರ ಉಂಟು. ಒಂದು ಕಳ್ಳತನ ಮಾಡ್ತೀರಿ, ಆಮೇಲೆ ಎಷ್ಟು ಗಳಿಕೆ ಅಂತ ಬರೀತೀರಿ, ಪೊಲೀಸರ ಕಣ್ಣು ಎಷ್ಟು ಬಿತ್ತು ಅಂತ ಹೀಟ್ ಬರೀತೀರಿ, ಒಂದು ತಾಪತ್ರಯ ಟೇಬಲ್ಲಿನಿಂದ ಬರ್ತದೆ, ಮತ್ತೆ ಪ್ರತಿಯೊಬ್ಬರಿಗೂ ಡೌನ್‌ಟೈಮಿನಲ್ಲಿ (ಬಿಡುವಿನ ಹೊತ್ತಿನಲ್ಲಿ) ಎರಡು ಕೆಲಸ. ಗಾಯ ವಾಸಿ ಮಾಡಿಕೊಳ್ಳಿ, ಕುಡಿದು ಸ್ಟ್ರೆಸ್ ಇಳಿಸಿ, ಸ್ವಂತ ಪ್ರಾಜೆಕ್ಟ್ ಮಾಡಿ. ಅದು ಮುಗಿಯುವಾಗ ಮುಂದಿನ ಕಳ್ಳತನ ತನ್ನಿಂದ ತಾನೇ ಕಾಣ್ತದೆ. ಇಡೀ ಗೇಮಿಗೆ ಆರು ಮುಖದ ದಾಳ ಸಾಕು, ಇದ್ದಷ್ಟು ಹಾಕಿ ಅತಿ ದೊಡ್ಡದು ನೋಡುವುದು. 6 ಆದ್ರೆ ಪೂರ್ತಿ, 4-5 ಆದ್ರೆ ಬೆಲೆ ಕೊಟ್ಟು, 1-3 ಆದ್ರೆ ಕೆಟ್ಟಿತು.

ಪ್ಲಾನ್ ಮಾಡ್ತಾ ಮಾಡ್ತಾ ಸಂಜೆ ಕಳೆಯುವ ಗುಂಪಾದ್ರೆ ಇದು ದೊಡ್ಡ ಉಪಕಾರ. ಪ್ಲಾನೇ ಬೇಡ, ಸೀದಾ ನುಗ್ಗುವುದು, ಆಮೇಲೆ ಸ್ಟ್ರೆಸ್ ಕೊಟ್ಟು "ಕಾವಲುಗಾರನಿಗೆ ನಿನ್ನೆಯೇ ದುಡ್ಡು ಕೊಟ್ಟಿದ್ದೆ" ಅಂತ ಫ್ಲ್ಯಾಶ್‌ಬ್ಯಾಕ್ ಹೇಳ್ಬಹುದು.

ಟಾರ್ಚ್_ಆರೋಯ್ತು

ಬ್ಲೇಡ್ಸ್ ಅದ್ಭುತ ಗೇಮ್, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಸಿಂಪಲ್ ಅಲ್ಲ ಸ್ವಾಮಿ. ಪ್ರತಿ ರೋಲಿಗೂ ಪೊಸಿಷನ್ (ಎಷ್ಟು ಅಪಾಯ) ಏನು ಎಫೆಕ್ಟ್ (ಎಷ್ಟು ಫಲ) ಏನು ಅಂತ ಮಾತಾಡ್ಬೇಕು, ಆಕ್ಷನ್ನೇ ಹನ್ನೆರಡು, ಮೇಲಿಂದ ಗ್ಯಾಂಗಿಗೇ ಬೇರೆ ಶೀಟು. ಓದದೇ ಬರೋ ನಾಲ್ಕು ಜನಕ್ಕೆ ಇದನ್ನ ಕೊಟ್ರೆ ಮತ್ತೆ ಫೋನ್ ಆಚೆ ಬರತ್ತೆ.

ಕುಡ್ಲ_ಕೋಬೋಲ್ಡ್

ಅದು ಹೌದು. ಎರಡು ಮೂರು ಸಲ ಆಡುವವರೆಗೆ ಸ್ವಲ್ಪ ತಲೆನೋವು ಉಂಟು.

ಫಿಕಾ_ಮತ್ತು_ಫಿಲ್ಟರ್‌ಕಾಫಿ

ನಾನಿರೋದು ಸ್ವೀಡನ್ನಲ್ಲಿ, ಹಾಗಾಗಿ ಇಲ್ಲೀದು ಒಂದು ಹೇಳ್ತೀನಿ. ಇಲ್ಲಿ ನಮ್ಮ ವಯಸ್ಸಿನೋರಿಗೆ, ಇನ್ನೂ ದೊಡ್ಡೋರಿಗೆ, ಆರ್‌ಪಿಜಿ ಅಂದ್ರೆ ಡಿಎನ್‌ಡಿ ಅಲ್ಲ, ದ್ರಾಕಾರ್ ಓಕ್ ದೆಮೋನರ್. 1982ರಲ್ಲಿ ಶುರುವಾಗಿದ್ದು. ಅದರ ಹೊಸ ರೂಪಾನೇ ಫ್ರೀ ಲೀಗ್ ಅನ್ನೋ ಕಂಪನಿ 2023ರಲ್ಲಿ ಡ್ರ್ಯಾಗನ್‌ಬೇನ್ ಅಂತ ಇಂಗ್ಲಿಷಲ್ಲಿ ತಂದಿದ್ದು. ಕ್ವಿಕ್‌ಸ್ಟಾರ್ಟ್ (ಶುರು ಮಾಡೋಕೆ ಸಾಕಾಗೋ ಚಿಕ್ಕ ಪುಸ್ತಕ) ಫ್ರೀ ಸಿಗತ್ತೆ.

ಶೀಟಲ್ಲಿ ಸ್ಕಿಲ್ ಪಕ್ಕ ಒಂದು ನಂಬರ್ ಇರತ್ತೆ, ಇಪ್ಪತ್ತು ಮುಖದ ದಾಳದಲ್ಲಿ ಅಷ್ಟು ಅಥವಾ ಕಮ್ಮಿ ಬಿದ್ರೆ ಆಯ್ತು, ಮುಗೀತು ರೂಲು. 1 ಬಿದ್ರೆ ಡ್ರ್ಯಾಗನ್, ಭರ್ಜರಿ. 20 ಬಿದ್ರೆ ಡೀಮನ್, ಗ್ರಹಚಾರ. ಫೇಲ್ ಆದ್ರೆ ಒಂದು ಸಲ ಪುಶ್ ಮಾಡ್ಬಹುದು, ಅಂದ್ರೆ ಮತ್ತೆ ದಾಳ ಹಾಕ್ಬಹುದು, ಆದ್ರೆ ಅದಕ್ಕೆ ಸುಸ್ತು, ಹೆದರಿಕೆ, ಸಿಟ್ಟು ಹೀಗೆ ಒಂದು ಕಂಡಿಷನ್ ತಗೋಬೇಕು. ಇನಿಶಿಯೇಟಿವ್‌ಗೆ (ಯಾರ ಸರದಿ ಮೊದ್ಲು ಅಂತ ನೋಡೋಕೆ) 1ರಿಂದ 10 ನಂಬರಿನ ಕಾರ್ಡ್ ಹಂಚೋದು. ಜಿಎಂಗೆ ದೊಡ್ಡ ಅನುಕೂಲ ಏನು ಗೊತ್ತಾ, ದೊಡ್ಡ ಮಾನ್‌ಸ್ಟರ್‌ಗಳಿಗೆ ತಾಗ್ತಾ ಇಲ್ವಾ ಅಂತ ನೋಡೋ ಕೆಲ್ಸ ಇಲ್ಲ, ಒಂದು ದಾಳ ಹಾಕಿದ್ರೆ ಅದು ಈ ಸರದೀಲಿ ಏನ್ ಮಾಡತ್ತೆ ಅನ್ನೋದು ಅದರದ್ದೇ ಟೇಬಲ್ಲಿಂದ ಬರತ್ತೆ. ತಪ್ಪಿಸ್ಕೊಳ್ಳೋ ಯೋಚ್ನೆ ಆಡೋರದ್ದು. ಡಿಎನ್‌ಡಿ ಥರದ್ದೇ ಬೇಕು ಆದ್ರೆ ಅಷ್ಟು ಭಾರ ಬೇಡ ಅನ್ನೋರಿಗೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ. ಬಾಕ್ಸ್ ಇಂಡಿಯಾಗೆ ತರಿಸಿದ್ರೆ ಶಿಪ್ಪಿಂಗು ಕೈ ಸುಡತ್ತೆ, ಪಿಡಿಎಫ್ ವಾಸಿ.

ಒಂಟಿ_ಸವಾರ

ಐರನ್‌ಸ್ವೋರ್ನ್ ಅಂತ ಇನ್ನೂ ಯಾರೂ ಹೇಳಿಲ್ವಲ್ಲ, ಆಶ್ಚರ್ಯ. ಶಾನ್ ಟಾಮ್‌ಕಿನ್ ಬರೆದಿದ್ದು, 2018, ಪೂರ್ತಿ ಪಿಡಿಎಫ್ ಅಧಿಕೃತವಾಗಿಯೇ ಫ್ರೀ. ಒಬ್ರೇ ಆಡ್ಬಹುದು, ಜಿಎಂ ಇಲ್ದೇ ಎಲ್ರೂ ಸೇರಿ ಆಡ್ಬಹುದು, ಜಿಎಂ ಇಟ್ಕೊಂಡೂ ಆಡ್ಬಹುದು. ನಾನು ಬಹಳ ಕಾಲ ಒಬ್ನೇ ಆಡಿರೋದು, ಹೆಸರೇ ಹೇಳತ್ತಲ್ಲ.

ಒಂದು ಆರು ಮುಖದ ದಾಳಕ್ಕೆ ಸ್ಟ್ಯಾಟ್ ಕೂಡ್ಸಿ, ಎರಡು ಹತ್ತು ಮುಖದ ದಾಳದ ಜೊತೆ ಒಂದೊಂದಾಗಿ ಹೋಲಿಸೋದು. ಎರಡನ್ನೂ ದಾಟಿದ್ರೆ ಪೂರ್ತಿ ಗೆಲುವು, ಒಂದನ್ನ ದಾಟಿದ್ರೆ ಅರ್ಧ, ಎರಡೂ ದಾಟ್ಲಿಲ್ಲ ಅಂದ್ರೆ ಬೆಲೆ ತೆರಬೇಕು. ಮೇಲೆ ಟಾರ್ಚ್ ಅವ್ರು ಹೇಳಿದ್ರಲ್ಲ ಪ್ರತಿ ಸಲ ತೊಡಕು ಹುಟ್ಟಿಸ್ಬೇಕು ಅಂತ, ಇಲ್ಲಿ ಅದಕ್ಕೇ ಒಂದು ಟೇಬಲ್ ಇದೆ. ಏನೂ ತೋಚ್ಲಿಲ್ವಾ, ನೂರರ ದಾಳ ಹಾಕು, ಅದೇ ಹೇಳತ್ತೆ. ಊರಿಗೆ ಹೆಸರು ಬೇಕಾ, ಟೇಬಲ್. ಈ ಮುದುಕನಿಗೆ ಏನ್ ಬೇಕಾಗಿದೆ, ಟೇಬಲ್. ಆರಕಲ್ ಅಂತಾರೆ ಅವನ್ನ.

ಇನ್ನೊಂದು, ಕಥೆ ಎಲ್ಲಿವರೆಗೆ ಬಂತು ಅನ್ನೋದಕ್ಕೇ ಅಳತೆ ಇದೆ. ಒಂದು ಶಪಥ ಮಾಡ್ತೀರಿ, ಅದಕ್ಕೆ ಹತ್ತು ಬಾಕ್ಸಿನ ಟ್ರ್ಯಾಕು. ಸಣ್ಣ ಶಪಥ ಆದ್ರೆ ಒಂದೊಂದು ಮೈಲಿಗಲ್ಲಿಗೆ ಮೂರು ಬಾಕ್ಸ್ ತುಂಬತ್ತೆ, ಜೀವಮಾನದ ಶಪಥ ಆದ್ರೆ ಒಂದು ಗೀಟು ಮಾತ್ರ, ನಾಲ್ಕು ಗೀಟಿಗೆ ಒಂದು ಬಾಕ್ಸು. ಪ್ರಯಾಣಕ್ಕೂ ಹಾಗೇ, ಫೈಟಿಗೂ ಹಾಗೇ. ಇಷ್ಟು ಸಾಕು ಅನ್ನಿಸಿದಾಗ ತುಂಬಿರೋ ಬಾಕ್ಸಿನ ಎದುರು ಎರಡು ಹತ್ತರ ದಾಳ ಹಾಕಿ ಮುಗಿಸೋದು.

ಒಂದು ವಿಷ್ಯ ಮುಚ್ಚಿಡಲ್ಲ. ನಾಲ್ಕು ಜನ ಕೂತ್ರೆ ಸ್ವಲ್ಪ ನಿಧಾನ. ಮೊಮೆಂಟಮ್ಮು, ಹೆಲ್ತು, ಸ್ಪಿರಿಟ್ಟು, ಸಪ್ಲೈ ಅಂತ ಮೀಟರ್‌ಗಳು ಜಾಸ್ತಿ, ಪೆನ್ಸಿಲ್ ರಬ್ಬರ್ ಕೈಯಲ್ಲೇ ಇರ್ಬೇಕು.

ಹುಬ್ಳಿ_ಹಿಟ್‌ಪಾಯಿಂಟ್

ಹಂಗಂದ್ರ ಕೊಕ್ಕರೆ ಅವ್ರ, ಯಾವ ಗೇಮ್ ತಗೊಂಡ್ರೂ ಐರನ್‌ಸ್ವೋರ್ನ್ ಪಿಡಿಎಫ್ ಇಳಿಸಿ ಇಟ್ಕೋರಿ, ಆ ಟೇಬಲ್ ಡಂಜನ್ ವರ್ಲ್ಡಿಗೂ ನಡೀತಾವ. 7-9 ಬಗ್ಗೆ ಟಾರ್ಚ್ ಅವ್ರ ಮಾತು ಸುಳ್ಳಲ್ಲ, ನಮ್ಮ ಟೇಬಲ್ಲಿನ್ಯಾಗ ನಾವು ಆ ತೊಡಕನ್ನ ಆಡೋರ ಕಡಿಂದನ ಕೇಳ್ತೀವಿ. "ನೀನ ಹೇಳಪಾ, ಏನ್ ಕೆಡ್ತು?" ಅವ್ರು ಹೇಳೂದು ನಾವು ಯೋಚನಿ ಮಾಡಿದ್ದಕ್ಕಿಂತ ಭಾಳ ಕೆಟ್ಟದ್ದ ಇರ್ತೈತಿ.

ಬೇಸಿಗೆ_ರಜೆ

ನಡುವೆ ಒಂದು ಪ್ರಶ್ನೆ. ಅಕ್ಕನ ಮಕ್ಕಳು ಬರ್ತಿದಾರೆ, ಎಂಟು ವರ್ಷ ಹತ್ತು ವರ್ಷ. ಇದ್ರಲ್ಲಿ ಯಾವ್ದಾದ್ರೂ ಆಗತ್ತಾ?

ಟಾರ್ಚ್_ಆರೋಯ್ತು

ಮೌಸ್‌ರಿಟರ್, ಬೇರೆ ಯೋಚ್ನೆನೇ ಬೇಡ. ಎಲ್ರೂ ಪುಟಾಣಿ ಇಲಿಗಳು, ಬೆಕ್ಕು ಅಂದ್ರೆ ಡ್ರ್ಯಾಗನ್ನು. ಸಾಮಾನುಗಳೆಲ್ಲಾ ಕತ್ತರಿಸಿ ಶೀಟ್ ಮೇಲೆ ಇಡೋ ಕಾರ್ಡು, ಮಕ್ಕಳಿಗೆ ಅದೇ ಅರ್ಧ ಆಟ. ಇದೂ ಇಂಟು ದಿ ಆಡ್ ಕುಟುಂಬದ್ದೇ, ಪಿಡಿಎಫ್‌ಗೆ ಇಷ್ಟ ಬಂದಷ್ಟು ಕೊಡಿ ಅಂತ ಇಟ್ಟಿದಾರೆ.

ಟಾರ್ಚ್_ಆರೋಯ್ತು

ಈಗ ಕೊಕ್ಕರೆಯವ್ರ ಡೌಟಿಗೆ ಬರ್ತೀನಿ, ಬೆಳಗ್ಗೆಯಿಂದ ಆಫೀಸ್ ಮೀಟಿಂಗಲ್ಲಿ ಕೂತು ಇದನ್ನೇ ಯೋಚ್ನೆ ಮಾಡ್ತಿದ್ದೆ.

ಹಳೇ ಶೈಲೀಲಿ ಎಲ್ಲಾ ಜಿಎಂ ತೀರ್ಮಾನ ಅನ್ನೋದು ಅರ್ಧ ಮಾತ್ರ ನಿಜ. 1981ರ ಡಿಎನ್‌ಡಿ ಬೇಸಿಕ್ ತೆಗೆದು ನೋಡಿ, ಡಂಜನ್ (ಅಪಾಯ ತುಂಬಿದ ಪಾಳು ಕೋಟೆ, ನೆಲದಡಿ ಗವಿ ಥರದ ಜಾಗ) ಒಳಗಿನ ಸಮಯಾನ ಹತ್ತು ನಿಮಿಷದ ಟರ್ನ್ ಅಂತ ಕತ್ತರಿಸಿದಾರೆ. ಒಂದು ಟರ್ನಲ್ಲಿ ಇಷ್ಟು ದೂರ ನಡೀಬಹುದು, ಒಂದು ಜಾಗ ಹುಡುಕೋಕೆ ಒಂದು ಟರ್ನು. ಟಾರ್ಚು ಆರು ಟರ್ನ್ ಉರಿಯತ್ತೆ. ಎರಡು ಟರ್ನಿಗೊಂದ್ಸಲ ಜಿಎಂ ಆರರ ದಾಳ ಹಾಕ್ಬೇಕು, 1 ಬಿದ್ರೆ ಯಾರೋ ಬರ್ತಾರೆ. ಬಂದೋರು ಕತ್ತಿ ಹಿಡ್ಕೊಂಡೇ ಬರ್ತಾರೆ ಅಂತಿಲ್ಲ, ಎರಡು ದಾಳ ಹಾಕಿ ಅವ್ರ ಮೂಡ್ ನೋಡೋದು. ಜಗಳದ ಮಧ್ಯೆ ಅವ್ರ ಧೈರ್ಯ ನೋಡೋದಕ್ಕೂ ದಾಳ ಇದೆ. ಇದ್ರಲ್ಲಿ ಜಿಎಂ ಹುಟ್ಟಿಸೋದು ಎಲ್ಲಿ? ಎಲ್ಲಾ ತಾನಾಗೇ ತಿರುಗ್ತಾ ಇರತ್ತೆ. ಆಡೋರು ಒಂದು ಗೋಡೆ ಹತ್ರ ಜಾಸ್ತಿ ಹೊತ್ತು ಮಾತಾಡಿದ್ರೆ ಟಾರ್ಚ್ ಕಮ್ಮಿ ಆಗ್ತಿದೆ, ದಾಳ ಬೀಳ್ತಿದೆ, ಅವ್ರಿಗೇ ಗಡಿಬಿಡಿ ಶುರುವಾಗತ್ತೆ.

ಕೇರ್ನ್ ಮೊದಲ ಆವೃತ್ತೀಲಿ ಇದೆಲ್ಲಾ ಕಮ್ಮಿ ಇತ್ತು, ಅದು ನಿಮ್ ದೂರು ಸರಿ. ಎರಡನೇ ಆವೃತ್ತಿ ನೋಡಿ, ವಾರ್ಡನ್ ಅಂದ್ರೆ ಜಿಎಂಗೆ ಬೇರೇನೇ ಪುಸ್ತಕ. ಡಂಜನ್ ಒಳಗೆ ಹೊತ್ತು ಕಳೆದಾಗ ಇಲ್ಲಾ ಗಲಾಟೆ ಮಾಡಿದಾಗ ಒಂದು ಆರರ ದಾಳ ಹಾಕೋದು. ಯಾರೋ ಎದುರಾಗೋದು, ಯಾರೋ ಹತ್ರದಲ್ಲಿರೋ ಸುಳಿವು ಸಿಗೋದು, ಸುತ್ತಮುತ್ತ ಏನೋ ಬದಲಾಗೋದು, ಬೆಳಕು ಆರೋದು, ಸುಸ್ತಾಗೋದು, ಇಲ್ಲಾ ಏನೂ ಇಲ್ದಿರೋದು, ಈ ಆರರಲ್ಲಿ ಒಂದು ಬರತ್ತೆ. ಸುಸ್ತು ಬಂದ್ರೆ ಒಂದು ಸ್ಲಾಟ್ ತುಂಬ್ತು, ಅಂದ್ರೆ ಏನೋ ಒಂದು ಸಾಮಾನು ಕೆಳಗಿಡ್ಬೇಕು. ಕಾಡಲ್ಲಿ ಓಡಾಡೋಕೆ ದಿನಾನ ಮೂರು ಭಾಗ ಮಾಡಿ ಅದಕ್ಕೂ ಇದೇ ಥರದ ದಾಳ. ಅಪರಿಚಿತರು ಸಿಕ್ರೆ ಎರಡು ದಾಳದ ಟೇಬಲ್, 2 ಬಿದ್ರೆ ಮೈ ಮೇಲೇ ಬರ್ತಾರೆ, 12 ಬಿದ್ರೆ ಸಹಾಯ ಮಾಡ್ತಾರೆ, ಮಧ್ಯದಲ್ಲಿ ಅನುಮಾನ, ಕುತೂಹಲ, ಒಳ್ಳೇತನ.

ಅಂದ್ರೆ ಆಡೋರ ಕಡೆ ಮೂರೇ ಸ್ಟ್ಯಾಟು, ನಿಮ್ ಕಡೆ ಮಾತ್ರ ರಚನೆ. ಓದದೇ ಬರೋ ನಾಲ್ಕು ಜನ, ಓದೋ ಒಬ್ಬ ಜಿಎಂ. ನಿಮ್ ಟೇಬಲ್ಲಿಗೆ ಹೊಂದತ್ತೆ ಅನ್ಸತ್ತೆ.

ನ್ಯಾಚುರಲ್_ಇಪ್ಪತ್ತು

ನಾನಿನ್ನೂ ಡಿಎನ್‌ಡಿ ಅಂತಾನೇ ಹೇಳ್ತೀನಿ. ಆದ್ರೆ ಈ ಟರ್ನು, ಮೂಡ್ ದಾಳ ಎಲ್ಲಾ ನನ್ 5ಇ ಟೇಬಲ್ಲಿಗೆ ಹಾಕೋಕೆ ಯಾವ ತೊಂದ್ರೆನೂ ಇಲ್ಲ ಅನ್ಸ್ತಿದೆ, ಈ ವಾರ ಹಾಕಿ ನೋಡ್ತೀನಿ.

ಕುಕ್ಕರಹಳ್ಳಿ_ಕೊಕ್ಕರೆ

ಟಾರ್ಚ್ ಅವ್ರೇ ಈಗ ಅರ್ಥ ಆಯ್ತು. ದಾಳ ಹಾಕೋ ರೂಲ್ ಬಗ್ಗೆ ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದೆ, ನಂಗೆ ಬೇಕಾಗಿದ್ದು ಯಾವಾಗ ಹಾಕ್ಬೇಕು ಅನ್ನೋ ರೂಲು. ಕೇರ್ನ್ ಎರಡನೇದು ಇಳಿಸ್ಕೊಂಡೆ, ಓದ್ತಿದೀನಿ. ಡ್ರ್ಯಾಗನ್‌ಬೇನ್ ಕ್ವಿಕ್‌ಸ್ಟಾರ್ಟೂ ಇಳಿಸಿದೀನಿ, ಇದು ಆಗ್ಲಿಲ್ಲ ಅಂದ್ರೆ ಅದು. ಆದ್ರೆ ದಾಳ? ಮನೇಲಿರೋದು ಲೂಡೋ ದಾಳ ಮಾತ್ರ.

ಫಿಕಾ_ಮತ್ತು_ಫಿಲ್ಟರ್‌ಕಾಫಿ

ಏಳು ದಾಳದ ಸೆಟ್ ಅಂತ ಆನ್‌ಲೈನಲ್ಲಿ ಸಿಗತ್ತೆ, ಪ್ಲಾಸ್ಟಿಕ್‌ದು ತಗೊಳ್ಳಿ ಸಾಕು, ಐದು ಜನಕ್ಕೆ ಎರಡು ಸೆಟ್ ಇದ್ರೆ ನಡೆಯತ್ತೆ. ಬರೋವರೆಗೆ ಫೋನಲ್ಲಿ ಆ್ಯಪ್.

ಹುಬ್ಳಿ_ಹಿಟ್‌ಪಾಯಿಂಟ್

ಫೋನ್ ಬ್ಯಾಡ್ರಿ! ಒಮ್ಮೆ ಫೋನ್ ಕೈಯಾಗ ಬಂತಂದ್ರ ಅವ್ರು ರೀಲ್ಸ್ ನೋಡ್ಕೊಂತ ಕುಂದ್ರತಾರ. ಚೀಟಿ ಬರ್ದು ಡಬ್ಬಿಯಾಗ ಹಾಕ್ರಿ, 1ರಿಂದ 20, ತಗ್ದಿದ್ದು ವಾಪಸ್ ಹಾಕಿ ಕಲಸೂದು.

ಕುಕ್ಕರಹಳ್ಳಿ_ಕೊಕ್ಕರೆ

ಆಡಿದ್ವಿ! ದಾಳ ಟೈಮಿಗೆ ಬಂತು, ಚೀಟಿ ಬೇಕಾಗ್ಲಿಲ್ಲ.

ಕ್ಯಾರೆಕ್ಟರ್ ಮಾಡೋದು ಬಜ್ಜಿ ತಿನ್ನೋದ್ರೊಳಗೆ ಮುಗೀತು. ಒಬ್ಬನಿಗೆ ಸ್ಟ್ರೆಂತ್ 5 ಬಂತು, ಮುಖ ಊದಿಸ್ಕೊಂಡ, ಎರಡು ಸ್ಟ್ಯಾಟ್ ಅದಲು ಬದಲು ಮಾಡ್ಕೋಬಹುದು ಅಂದಾಗ ಸ್ವಲ್ಪ ಸಮಾಧಾನ ಆದ. ಕೋಟೆ ಮ್ಯಾಪ್ ನಾನೇ ಬರೆದಿದ್ದೆ, ಪ್ರತಿ ರೂಮಿಗೆ ಒಂದೆರಡು ಸಾಲು ಅಷ್ಟೇ, ಕಥೆ ಏನೂ ಬರೆದಿರ್ಲಿಲ್ಲ.

ಒಳಗೆ ಹೋಗಿ ಒಂದು ಬಾಗಿಲು ಒಡೀತಿದ್ರು, ಗಲಾಟೆ ಆಯ್ತಲ್ಲ ಅಂತ ದಾಳ ಹಾಕ್ದೆ, ಯಾರೋ ಎದುರಾಗೋದು ಬಂತು. ನನ್ ಲಿಸ್ಟಲ್ಲಿ ಕೋಟೆ ದೋಚೋಕೆ ಬಂದ ಕಳ್ಳರು ಅಂತ ಇತ್ತು. ಕತ್ತಿ ತೆಗಿತಾರೆ ಅಂತ ನಾನೂ ಅಂದ್ಕೊಂಡೆ, ಮೂಡ್ ದಾಳ ಹಾಕಿದ್ರೆ 9, ಒಳ್ಳೇ ಮನಸ್ಸಿನೋರು. ಏನಪ್ಪಾ ಕಳ್ಳರು ಒಳ್ಳೆಯವ್ರಾದ್ರು ಅಂತ ಒಂದು ಕ್ಷಣ ನೋಡಿ, ಅವ್ರಲ್ಲಿ ಒಬ್ಬನಿಗೆ ಕಾಲು ಮುರಿದಿದೆ, ಹೊರಗೆ ಕರ್ಕೊಂಡು ಹೋಗೋಕೆ ಜನ ಬೇಕು ಅಂತ ಹೇಳ್ದೆ. ಅಷ್ಟೇ, ಅಲ್ಲಿಂದ ಎರಡು ಗಂಟೆ ಅವ್ರೇ ನಡೆಸಿದ್ರು. ಕಳ್ಳನ್ನ ಹೊರಬೇಕು ಅಂದ್ರೆ ಸ್ಲಾಟ್ ಬೇಕು, ಸ್ಲಾಟ್ ಬೇಕು ಅಂದ್ರೆ ಸಿಕ್ಕ ಬೆಳ್ಳಿ ದೀಪ ಬಿಡ್ಬೇಕು, ಅದ್ರ ಮೇಲೆ ಜಗಳವೋ ಜಗಳ. ಯಾರೂ ಫೋನ್ ಮುಟ್ಲಿಲ್ಲ ಅಂತ ಹೇಳಲ್ಲ, ಒಬ್ಬನ ಹೆಂಡ್ತಿ ಫೋನ್ ಬಂತು 😄

ಫೈಟ್ ಒಂದೇ ಆಯ್ತು, ಕೊನೇಲಿ, ಮೂರು ರೌಂಡು. ಸ್ಟ್ರೆಂತ್ ಕಮ್ಮಿ ಇದ್ದೋನೇ ಬಿದ್ದ, ಪಕ್ಕದಲ್ಲಿದ್ದೋರು ಎತ್ಕೊಂಡು ಬಂದ್ರು, ಬದುಕಿದ.

ಒಂದು ಪ್ರಶ್ನೆ ಉಳಿದಿದೆ. ನಮ್ ಹಳೇ ವಿಝರ್ಡ್ ಫ್ರೆಂಡು ಕೇಳ್ತಿದಾನೆ, ಲೆವೆಲ್ ಇಲ್ಲ ಅಂದ್ರೆ ಮುಂದಿನ ವಾರ ನಾನು ಹೇಗೆ ಬಲ ಆಗೋದು, ಇದೇ ನಂಬರ್ ಇಟ್ಕೊಂಡು ಎಷ್ಟು ದಿನ ಆಡೋದು ಅಂತ.

ಟಾರ್ಚ್_ಆರೋಯ್ತು

ಹಿಟ್ ಪ್ರೊಟೆಕ್ಷನ್ ಸರಿಯಾಗಿ ಸೊನ್ನೆಗೆ ಬಂದು ನಿಂತಾಗ ಸ್ಕಾರ್ (ಗಾಯದ ಗುರುತು) ಟೇಬಲ್ ಹಾಕ್ತೀವಲ್ಲ, ಅದ್ರಲ್ಲಿ ಕೆಲವಕ್ಕೆ ಹಿಟ್ ಪ್ರೊಟೆಕ್ಷನ್ ಜಾಸ್ತಿ ಆಗೋ ಚಾನ್ಸ್ ಇದೆ, ಪೆಟ್ಟು ತಿಂದು ಬೆಳೆಯೋದು ಅಂದ್ಕೊಳ್ಳಿ. ಉಳಿದಿದ್ದೆಲ್ಲಾ ಹುಡುಕಿ ತಗೊಳ್ಳೋದೇ. ಈ ಗೇಮಲ್ಲಿ ಸ್ಪೆಲ್‌ಬುಕ್ ಕೈಯಲ್ಲಿದ್ರೆ ಯಾರು ಬೇಕಾದ್ರೂ ಮಂತ್ರ ಹಾಕ್ಬಹುದು, ಒಂದು ಪುಸ್ತಕಕ್ಕೆ ಒಂದೇ ಮಂತ್ರ, ಹಾಕಿದ ಪ್ರತಿ ಸಲ ಸುಸ್ತಿಗೆ ಒಂದು ಸ್ಲಾಟ್ ಹೋಗತ್ತೆ. ಹಾಗಾಗಿ ಸುಮ್ನೆ ನಂಬರ್ ಕೊಡ್ಬೇಡಿ. ಆ ಕಾಲು ಮುರಿದ ಕಳ್ಳನ ಬಾಯಲ್ಲಿ, ಕೋಟೆ ನೆಲಮಾಳಿಗೇಲಿ ಒಂದು ಸ್ಪೆಲ್‌ಬುಕ್ ಇದೆ ಅಂತ ಹೇಳಿಸಿ. ನಿಮ್ ಫ್ರೆಂಡು ಮುಂದಿನ ಭಾನುವಾರ ಎಲ್ರಿಗಿಂತ ಮುಂಚೆ ಬಂದು ಕೂತಿರ್ತಾನೆ.

ಕುಕ್ಕರಹಳ್ಳಿ_ಕೊಕ್ಕರೆ

ಆಹಾ, ಮಾಡ್ತೀನಿ. ಮ್ಯಾಪಲ್ಲಿ ನೆಲಮಾಳಿಗೆನೇ ಇಲ್ಲ, ಈಗ ಬರೀಬೇಕು.